ಕೊಳೆಯದ ಸೀಗಡಿ

ಸೀಗಡಿ ಮತ್ತೆ ಮಾಯವಾಗಿತ್ತು.

ರಜನೀಶ್ ಅಂಗಿಯ ತೋಳು ಮಡಚಿ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಕೈಯಾಡಿಸಿದ. ಕಲ್ಲುಗಳ ಹಿಂದೆ ಇಟ್ಟಿದ್ದ ಬಲೆಯ ಚೀಲ ಸಿಕ್ಕಿತು. ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು, ಒಳಗೆ ಏನೂ ಇರಲಿಲ್ಲ. ಬೆಳಿಗ್ಗೆ ಮುಖ ಆಚೆ ತಿರುಗಿಸಿ, ಇಕ್ಕಳದಲ್ಲಿ ಹಿಡಿದು ತಾನೇ ಒಳಗೆ ಹಾಕಿದ್ದ. ಇದು ಮೂರನೆಯದು.

ಸೋಫಾದಲ್ಲಿದ್ದ ಮಾವ ರುದ್ರಯ್ಯ ಪೇಪರ್ ಇಳಿಸಿ ನೋಡಿದರು. "ಏನು ಅಳಿಯಂದ್ರೇ, ನೀರಿಗೆ ಸ್ನಾನ ಮಾಡಿಸ್ತಿದ್ದೀರಾ?"

ರಜನೀಶ್ ಮನೆಯಳಿಯ. ಹಾಸನದಲ್ಲಿ ಮಾವನ ಮನೆಯಲ್ಲಿ, ಮಾವನ ಕರೆಂಟಿನಲ್ಲಿ ಸಮುದ್ರ ಸಾಕಲು ಹೊರಟ ಗಂಡಸು. ಇಂಥವನ ಮೇಲೆ ಮರುಕ ಪಡುವುದು ಕಷ್ಟ. ಮೊದಲ ಸಲ ತೊಟ್ಟಿ ತುಂಬಿಸಿದ ದಿನವೇ ಏಳು ಬಣ್ಣದ ಮೀನು ಬಿಟ್ಟು, ಮೂರೇ ದಿನಕ್ಕೆ ಏಳನ್ನೂ ಸಾಯಿಸಿದ್ದ. ಆಮೇಲೆ ಯೂಟ್ಯೂಬ್ ನೋಡಿ ಜ್ಞಾನೋದಯವಾಯಿತು. ಹೊಸ ತೊಟ್ಟಿಗೆ ಮೊದಲು ಬಿಡಬೇಕಾದದ್ದು ಮೀನನ್ನಲ್ಲ. ಏನನ್ನಾದರೂ ಕೊಳೆಯಲು ಹಾಕಬೇಕು, ಅದರಿಂದ ಅಮೋನಿಯ ಎಂಬ ವಿಷ ಹುಟ್ಟಬೇಕು, ಆ ವಿಷ ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಮನೆ ಮಾಡಬೇಕು. ತಿಂಗಳು ಹಿಡಿಯುತ್ತದೆ. ಕೊಳೆಯಲು ಹಾಕುವುದಕ್ಕೆ ಒಂದು ಹಸಿ ಸೀಗಡಿ ಸಾಕು.

ಅದೂ ರುದ್ರಯ್ಯನವರ ಮನೆಯಲ್ಲಿ. ಮೂರು ತಲೆಮಾರಿನಿಂದ ಆ ಹೊಸಿಲನ್ನು ಮೊಟ್ಟೆಯೂ ದಾಟಿರಲಿಲ್ಲ. ರುದ್ರಯ್ಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎರಡು ಹೊತ್ತು ಪೂಜೆ, ಸೋಮವಾರ ಒಪ್ಪೊತ್ತು, ಮಿಕ್ಕ ಹೊತ್ತೆಲ್ಲ ಅಳಿಯನನ್ನು ಹೀಯಾಳಿಸುವುದು.

ಅವರ ಹೆಂಡತಿ ರೇವಮ್ಮ ಹಿರಿಮಗಳ ಬಾಣಂತನಕ್ಕೆಂದು ಅರಕಲಗೂಡಿಗೆ ಹೋಗಿದ್ದರು. ಆಕೆ ಇದ್ದಿದ್ದರೆ ತೊಟ್ಟಿಯ ಜೊತೆಗೆ ಅಳಿಯನೂ ಬೀದಿಗೆ ಬೀಳುತ್ತಿದ್ದ. ರುದ್ರಯ್ಯ ಮಾತ್ರ ಯಾಕೋ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. "ಶ್ರಾವಣ ಹುಟ್ಟೋದ್ರೊಳಗೆ ಮೀನು ಬಿಡದಿದ್ರೆ ಈ ಪೆಟ್ಟಿಗೆ ಗುಜರಿಗೆ. ಆಮೇಲೆ ನನ್ನ ಮನೇಲಿ ಮೀನಿನ ಸುದ್ದಿ ಎತ್ತಕೂಡದು."

ದಿನಾ ಸಂಜೆ ರಜನೀಶ್ ಪುಟ್ಟ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿಯ ಹನಿ ಬಿಡುತ್ತಿದ್ದ. ಹಸಿರಾಗಬೇಕಿದ್ದ ನೀರು ಹಳದಿಯಾಗಿಯೇ ಉಳಿಯುತ್ತಿತ್ತು. ಹಳದಿ ಎಂದರೆ ವಿಷವಿಲ್ಲ. ವಿಷವಿಲ್ಲವಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತ ಮನುಷ್ಯ ಹಾಸನ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

ಅನುಮಾನ ಪಡಲು ಬುದ್ಧಿವಂತಿಕೆ ಬೇಕಿರಲಿಲ್ಲ. ಅವನೂ ಹೆಂಡತಿ ದಿವ್ಯಾಳೂ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವವರು ರುದ್ರಯ್ಯ ಒಬ್ಬರೇ. ಸೀಗಡಿ ಹಾಕಿದ ದಿನವೆಲ್ಲ ಅವರು ಹಿತ್ತಿಲಿನ ಹಂಡೆ ಒಲೆ ಹೊತ್ತಿಸಿ ಎರಡನೇ ಸ್ನಾನ ಮಾಡುತ್ತಿದ್ದರು. ಆಮೇಲೆ ಮನೆ ತುಂಬ ಸಾಂಬ್ರಾಣಿ ಹೊಗೆ. "ಮೈಲಿಗೆ ಕಳೀಬೇಕಲ್ಲ" ಎಂದು ಪಕ್ಕದ ಮನೆಯವರ ಹತ್ತಿರವೂ ಹೇಳಿದ್ದರು.

ರಜನೀಶ್ ಒದ್ದೆ ಕೈ ಒರೆಸಿಕೊಂಡು ಕೇಳಿಯೇಬಿಟ್ಟ. "ಮಾವ, ಸೀಗಡೀನ ತೆಗೆದು ಬಿಸಾಕ್ತಿರೋರು ನೀವೇ ತಾನೆ?"

ರುದ್ರಯ್ಯ ಕನ್ನಡಕ ತೆಗೆದರು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕೊಳೆಯೋದು ತಾನಾಗೇ ಆಗೋ ಕೆಲಸ ಅಳಿಯಂದ್ರೇ. ಅದೂ ನಿಮ್ಮ ಕೈಲಿ ಆಗ್ಲಿಲ್ಲ."

"ಅಪ್ಪಾಜಿ, ನಿಜ ಹೇಳಿ," ಎಂದಳು ಮಾತು ಕೇಳಿ ಹೊರಗೆ ಬಂದ ದಿವ್ಯಾ.

ರುದ್ರಯ್ಯ ದೇವರಮನೆಗೆ ನಡೆದು, ಉರಿಯುವ ದೀಪದ ಮೇಲೆ ಕೈ ಹಿಡಿದರು. "ಒಂದನ್ನಾದ್ರೂ ನಾನು ಬಿಸಾಕಿದ್ರೆ ಈ ದೀಪ ನನ್ನ ಕಣ್ಣು ಕಳೀಲಿ."

"ವಯಸ್ಸಾದೋರ ಕೈಲಿ ಆಣೆ ಮಾಡಿಸಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ದಿವ್ಯಾ ಗಂಡನಿಗೆ ಹೇಳಿ ಒಳಗೆ ಹೋದಳು. ರಜನೀಶನಿಗೆ ನಿಜಕ್ಕೂ ನಾಚಿಕೆಯಾಯಿತು. ಮಾವನ ಕಾಲು ಮುಟ್ಟಿದ. ಬೆನ್ನುಮೂಳೆ ಇಲ್ಲದವನಿಗೆ ಬಗ್ಗುವುದು ಸುಲಭ.

"ಏಳಿ ಏಳಿ," ಎಂದರು ರುದ್ರಯ್ಯ. "ಎಲ್ಲಿಂದ ತರ್ತೀರಿ ಅದನ್ನ? ಯಾವ ಅಂಗಡಿ?"

"ಶಾಂತಿಗ್ರಾಮದಲ್ಲಿ, ಹೈವೇ ಪಕ್ಕ. ಬೋರಪ್ಪ ಅಂತ. ಊರೊಳಗೆ ತಗೊಂಡ್ರೆ ಯಾರಾದ್ರೂ ನೋಡ್ತಾರೆ ಅಂತ..."

"ಸದ್ಯ, ಅಷ್ಟಾದ್ರೂ ತಲೆ ಇದೆ. ಹಾಕೋದಾದ್ರೆ ತಾಜಾದ್ದು ಹಾಕಿ. ಹಳೇದು ನಾರ್ತದೆ."

ಶ್ರಾವಣಕ್ಕೆ ಐದು ವಾರ ಉಳಿದಿತ್ತು. ಆ ವಾರವೇ ಒಂದು ಸೀಗಡಿ ಕೊಳೆಯಲು ಶುರುವಾದರೆ ತೊಟ್ಟಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಆ ಮನೆಯಲ್ಲಿ ಮಂಚ ಮಾವನದು, ಫ್ಯಾನು ಮಾವನದು, ಗೇಟಿನ ಮೇಲಿನ ಹೆಸರು ಮಾವನದು. ತನ್ನದು ಎಂದು ರಜನೀಶ್ ಹೇಳಿಕೊಳ್ಳಬಹುದಾಗಿದ್ದುದು ಆ ಗಾಜಿನ ಪೆಟ್ಟಿಗೆ ಒಂದೇ. ಅದು ಗುಜರಿಗೆ ಹೋಗುವುದನ್ನು ನೆನೆದರೆ ಅವನಿಗೆ ಅಳು ಬರುತ್ತಿತ್ತು.

ಭಾನುವಾರ ರುದ್ರಯ್ಯ ಬೆಳಗಾಗುತ್ತಲೇ, ದುದ್ದದಲ್ಲಿ ಯಾರದೋ ತಿಥಿ ಎಂದು ಬಟ್ಟೆಯ ಚೀಲ ಹಿಡಿದು ಹೊರಟರು. ಹತ್ತು ಗಂಟೆಗೆ ರಜನೀಶ್ ಶಾಂತಿಗ್ರಾಮಕ್ಕೆ ಬೈಕು ಬಿಟ್ಟ.

ಬೋರಪ್ಪ ಹಲಗೆ ತೊಳೆಯುತ್ತಿದ್ದ. "ಸೀಗಡಿ ಖಾಲಿ ಸಾ. ಮಂಗಳೂರು ಗಾಡೀಲಿ ಬಂದಿದ್ದೇ ಒಸಿ, ಬೆಳಿಗ್ಗೇನೇ ಓಯ್ತು."

"ನಂಗೆ ಒಂದೇ ಒಂದು ಸಾಕಪ್ಪ. ತುಂಬ ಅರ್ಜೆಂಟು."

"ಗೊತ್ತು ಕಣ್ ಸಾ. ಒಂದೇ ಒಂದು ಕೇಳೋ ಗಿರಾಕಿ ಈ ರಸ್ತೆಗೆಲ್ಲ ನೀವೊಬ್ರೇ." ಬೋರಪ್ಪ ಕೈ ಒರೆಸಿಕೊಂಡ. "ಅದ್ಕೇ ನಿಮ್ಮ ಮಾವನೋರೇ ಬಂದು ಇದ್ದಿದ್ದನ್ನೆಲ್ಲ ತೂಕ ಆಕುಸ್ಕಂಡು ಓದ್ರಲ್ಲ ಸಾ. 'ನಮ್ಮಳಿಯ ಒಂದೊಂದೇ ತತ್ತಾನೆ ಕಣಯ್ಯ, ಸುಟ್ಕಂಡು ತಿನ್ನೋಕೆ ಅದು ಯಾವ ಮೂಲೆಗೆ' ಅಂದ್ರು."