ಕಂಡವರು
"ಕೋರ್ಟಿನಲ್ಲಿ ಸಾಕ್ಷಿ ಅಂದರೆ ಕಂಡದ್ದನ್ನು ಹೇಳುವವನು. ವೇದಾಂತದಲ್ಲಿ ಸಾಕ್ಷಿ ಅಂದರೆ ಸುಮ್ಮನೆ ನೋಡುವವನು" ಎಂದರು ತತ್ವಶಾಸ್ತ್ರದ ಮೇಷ್ಟ್ರು ಅನಂತಶಯನರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಕಂಡೂ ಕೋರ್ಟಿಗೆ ಬರದೇ ಇರೋನು ವೇದಾಂತಿನಾ ಸರ್?"

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಕಾರು ಹಾಯಿಸಿ ಮುದುಕಿಯೊಬ್ಬಳನ್ನು ಕೊಂದನೆಂದು ಆ ಹುಡುಗಿಯ ಅಪ್ಪ, ಡ್ರೈವರ್ ನಿಂಗರಾಜು, ಜೈಲು ಸೇರಿ ವರ್ಷವಾಗಿತ್ತು. ಆದರೆ ಅಂದು ಕಾರು ಓಡಿಸುತ್ತಿದ್ದವನು ಅವನ ಧಣಿ. ಎದುರಿನ ಅಂಗಡಿಯಲ್ಲಿ ನಿಂತಿದ್ದ ಮೇಷ್ಟ್ರು ಅದನ್ನು ಕಣ್ಣಾರೆ ಕಂಡಿದ್ದರು. ಧಣಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಅವರು ಹುಡುಗಿಯ ಮನೆಗೆ ಹೋದರು. ಬೀಡಿ ಕಟ್ಟುತ್ತಿದ್ದ ಅವಳ ತಾಯಿ ಎದ್ದು ಚಾಪೆ ಹಾಸಿದಳು. ಮೇಷ್ಟ್ರು ಕೂರಲಿಲ್ಲ.

"ತಾಯೀ, ಅವತ್ತು ನಾನು ನೋಡಿದ್ದೆ. ನಾನು ಹೇಳಿದ್ರೆ ನಿಂಗರಾಜು ಉಳೀತಿದ್ದ."

"ಗೊತ್ತು ಸ್ವಾಮಿ. ಧಣಿ ಪಕ್ಕ ಕೂತಿದ್ದ ನಮ್ಮನೆಯವರೂ ನಿಮ್ಮನ್ನ ನೋಡಿದ್ರು."

"ಮತ್ತೆ ವಕೀಲರಿಗೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಧಣಿ ಕೆಟ್ಟೋನು, ಮೇಷ್ಟ್ರಿಗೆ ಏನಾದ್ರೂ ಮಾಡಿಬಿಡ್ತಾನೆ, ಅವರ ಹೆಸರು ಎತ್ತಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು."