ತರ್ಕದ ಪರೀಕ್ಷೆಗೆ ಅಡುಗೆಯ ಅನ್ನದಾನಮ್ಮ

ಮೂರನೆಯ ಪ್ರಶ್ನೆಯ ಹೊತ್ತಿಗೆ ಶಂಭುಲಿಂಗಯ್ಯನವರ ಸಂಶಯ ನಿಶ್ಚಯವೇ ಆಯಿತು: ಯಾರೋ ಹೇಳಿಕೊಡುತ್ತಿದ್ದಾರೆ.

ಕೋಣೆಯಲ್ಲಿದ್ದವರು ಮೂವರೇ. ಕಾವಲಿಗೆ, ಕಾಶಿಯ ಕನ್ನಡಿಗರ ಮಠದ ತರ್ಕಪಂಡಿತರಾದ ತಾವು. ಎದುರಿಗೆ ಮರುಳಸಿದ್ದಯ್ಯ, ಇಪ್ಪತ್ತೆರಡರ ತರುಣ. ಕೇಳಿದ್ದೆಲ್ಲ ಕಂಠಸ್ಥ, ಹಾಳೆ ಹಿಡಿದರೆ ಮಾತ್ರ ಅಕ್ಷರಗಳು ಕಲಸಿಹೋಗುತ್ತವೆ. ಎರಡು ಸಲ ಅನುತ್ತೀರ್ಣನಾದವನು. ಈ ೧೯೭೪ರಲ್ಲಿಯೂ ತಪ್ಪಿದರೆ ಗಂಟುಮೂಟೆ ಕಟ್ಟಬೇಕು. ಅವನು ಹೇಳಿದ್ದನ್ನು ಬರೆಯಲು ಪಕ್ಕದಲ್ಲಿ ಅಡುಗೆಯ ಅನ್ನದಾನಮ್ಮ. ಸಾಮಾನಿನ ಚೀಟಿ ಬರೆಯುವಷ್ಟು ಅಕ್ಷರ ಬಲ್ಲವಳು. ಬರೆಯುವವರಿಗೆ ಶಾಸ್ತ್ರ ತಿಳಿದಿರಕೂಡದೆಂದು ಪಂಡಿತರೇ ನಿಯಮ ಹಾಕಿಸಿದ್ದರು. ಕಿವಿಗೆ ಬಿದ್ದುದರಲ್ಲಿ ಒಂದಕ್ಷರ ಕೂಡಿಸೆನು, ಒಂದಕ್ಷರ ಬಿಡೆನೆಂದು ಆಕೆಯಿಂದ ಆಣೆಯನ್ನೂ ಮಾಡಿಸಿದ್ದರು.

"ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ," ಎಂದ ಮರುಳಸಿದ್ದಯ್ಯ.

"ಇಷ್ಟಕ್ಕ ಒಂದು ಪರೀಕ್ಷಿ ಏನ್ರಿ ಅಪ್ಪಾರ? ದಿನಾ ಒಲಿ ಊದಾಕಿ ನಾನು!" ಎಂದಳು ಅನ್ನದಾನಮ್ಮ.

"ಬಾಯಿ ಮುಚ್ಚು! ನಿನಗೂ ತರ್ಕ ಬರುತ್ತದೆಂದು ಎಬ್ಬಿಸಿ ಕಳಿಸಬೇಕಾದೀತು."

ತರುಣ ತಡವರಿಸುವನು, ತಲೆಯೆತ್ತುವನು, ಮರುಕ್ಷಣವೇ ಉತ್ತರ ದಾರಿಗೆ ಬರುವುದು. ಐದು ಸಲ ಹೀಗಾಯಿತು. ಪಂಡಿತರು ಆಕೆಯ ತುಟಿಗಳನ್ನೇ ನೋಡಿದರು, ಅಲುಗಲಿಲ್ಲ. ಗೋಡೆಗೆ ಮುಖಮಾಡಿ ಕೂರಿಸಿದರು, ಆದರೂ ಹೇಳಿಕೊಡುವುದು ನಿಲ್ಲಲಿಲ್ಲ. ನಡುನಡುವೆ ಆಕೆ ತಿರುಗಿ ತಮ್ಮತ್ತ ಕಣ್ಣರಳಿಸುವುದು ಅಪರಾಧಿಯ ಲಕ್ಷಣವೆಂದೇ ತೋರಿತು. ಎರಡು ತಂಬಿಗೆ ನೀರು ಬರಿದಾಯಿತು. ಮೂವತ್ತು ವರ್ಷ ಪಾಠ ಹೇಳಿ ಗಂಟಲೊಣಗಿದ್ದುಂಟು. ಬರಿಯ ಕಾವಲಿಗೂ ಒಣಗುವುದೆಂದು ಅವರಿಗೆ ತಿಳಿದದ್ದು ಅಂದೇ.

ಪರೀಕ್ಷೆ ಮುಗಿದ ಗಂಟೆ ಹೊಡೆಯಿತು. ದೂರುಪತ್ರ ಸಿದ್ಧವಾಗಿತ್ತು, ಹೇಳಿಕೊಟ್ಟವರ ಹೆಸರೊಂದೇ ಬಾಕಿ.

"ನಿಜ ನುಡಿ, ಅನ್ನದಾನಮ್ಮ. ಇದೆಲ್ಲ ಅವನೇ ಹೇಳಿದ್ದೇ?"

"ಕಿವಿಗೆ ಬಿದ್ದಿದ್ದಷ್ಟೂ ಬರದೀನ್ರಿ, ಆಣಿ ಮಾಡೀನಲ್ಲ. ನನ್ನ ಒಲಿ ಮಾತು ಸೈತ ಬಿಟ್ಟಿಲ್ಲ. ಯಾರ ಮಾತು ಯಾವುದಂತ ಹೆಸರೂ ಹಾಕೀನಿ. ಅವಂದಷ್ಟು ಬ್ಯಾರೆ ತಗದು ಓದ್ರಿ, ಅಷ್ಟಕ್ಕ ಪಾಸ್ ಆಗ್ತಾನ."

ಮರುಳಸಿದ್ದಯ್ಯ ತಲೆ ತಗ್ಗಿಸಿದ. ಪಂಡಿತರು ಹಾಳೆಗಳನ್ನು ಸರಕ್ಕನೆ ಸೆಳೆದುಕೊಂಡು, ಲೇಖನಿಯನ್ನು ದೂರುಪತ್ರದ ಮೇಲೆ ಹಿಡಿದೇ ಓದತೊಡಗಿದರು.

ಐದು ಕಡೆ, ದುಂಡಗಿನ ಅಕ್ಷರಗಳಲ್ಲಿ, ಒಂದೇ ಪಂಕ್ತಿಯಿತ್ತು: "ಶಂಭುಲಿಂಗಯ್ಯನವರು: ಹಾಗಲ್ಲವೋ ಮಂಕೇ, ನಾನು ಹೇಳುತ್ತೇನೆ, ನನ್ನ ಹಿಂದೆ ಹೇಳು."