ತೊಂಬತ್ತು ನಿಮಿಷದ ಸಿ.ಡಿ.

ಕಡಬದ ಫಯಾಝ್‌ನ ಮೊಬೈಲ್ ಅಂಗಡಿಯಲ್ಲಿದ್ದ ಹಳೇ ಕಂಪ್ಯೂಟರು ಸಿ.ಡಿ.ಯನ್ನು ಮತ್ತೊಮ್ಮೆ ಹೊರಗೆ ತಳ್ಳಿತು. ಫಯಾಝ್ ಅದನ್ನು ಅಂಗಿಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದ.

"ಇದು ಮಾಮೂಲಿ ಸಿ.ಡಿ. ಅಲ್ಲ ಸುರಕ್ಷಾ. ತೊಂಬತ್ತು ನಿಮಿಷದ್ದು. ಎಂಬತ್ತು ನಿಮಿಷದ ಜಾಗದಲ್ಲಿ ಒತ್ತೊತ್ತಾಗಿ ಗೆರೆ ಹಾಕಿ ಹತ್ತು ನಿಮಿಷ ಹೆಚ್ಚು ಮಾಡಿದ್ದು. ಆಗಲೇ ಎಲ್ಲ ಪ್ಲೇಯರಿಗೆ ಆಗ್ತಿರಲಿಲ್ಲ. ಗ್ಯಾರಂಟಿ ಇಲ್ಲ ಅಂತ ಹೇಳಿಯೇ ನಾನು ಹಾಡು ತುಂಬಿಸಿ ಕೊಟ್ಟದ್ದು."

"ಇದನ್ನು ಓದುವ ಪ್ಲೇಯರ್ ಎಲ್ಲಿಯೂ ಇಲ್ವಾ ಫಯಾಝಣ್ಣ?"

"ನಿಮ್ಮ ಬಸ್ಸಿನಲ್ಲಿ ಓದ್ತಿತ್ತಲ್ಲ ಜತ್ತಪ್ಪಣ್ಣ?" ಫಯಾಝ್ ಸ್ಟೂಲಿನ ಮೇಲೆ ಕುಳಿತಿದ್ದ ಅವಳ ಅಪ್ಪನತ್ತ ತಿರುಗಿದ. "ಆ ಬಸ್ಸು ಈಗ ಮಾಯಿಲಪ್ಪಣ್ಣನ ಹಿತ್ತಿಲಲ್ಲಿ ಉಂಟು."

ಜತ್ತಪ್ಪ ಬೇಡವೆಂದು ಕೈಯಾಡಿಸಿದ. ಕಳೆದ ವರ್ಷ ಗಂಟಲಿನ ಆಪರೇಶನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವನ ಮಾತೆಲ್ಲ ಕೈಯಲ್ಲೇ. ಬೇರೆ ರೀತಿಯಲ್ಲಿ ಮಾತಾಡಲು ಕಲಿಸುತ್ತೇವೆಂದು ಮಂಗಳೂರಿನಲ್ಲಿ ಕರೆದರೂ ಅವನು ಸ್ವಲ್ಪ ದಿನ ಹೋಗಿ ಬಿಟ್ಟುಬಿಟ್ಟಿದ್ದ. ಪುತ್ತೂರಿನಿಂದ ನೆಟ್ಟಣದವರೆಗೆ ಬಸ್ಸಿಗಿಂತ ಮೊದಲು ಕಂಡಕ್ಟರ್ ಜತ್ತಪ್ಪನ ಸ್ವರ ಬರುತ್ತದೆ ಎಂದು ಜನ ಹೇಳುತ್ತಿದ್ದ ಕಾಲವೊಂದಿತ್ತು. ಆ ದಿನಗಳಲ್ಲಿ ಸಿ.ಡಿ.ಯ ಕೊನೆಯಲ್ಲಿ ಜಾಗ ಉಳಿಯಿತೆಂದು ಫಯಾಝ್ ಮೈಕು ಮುಂದಿಟ್ಟಿದ್ದ. ಜತ್ತಪ್ಪ ತಮಾಷೆಗೆ ದಾರಿಯ ಕೊನೆಯ ಕೆಲವು ಸ್ಟಾಪುಗಳನ್ನು ಕೂಗಿದ್ದ. ಮನೆಯ ಮೊಬೈಲುಗಳಲ್ಲಿ ಇದ್ದದ್ದು ಕಾಯಿಲೆ ಹಿಡಿದ ಮೇಲಿನ ಕೆರಕಲು ಸ್ವರ ಮಾತ್ರ. ಅಜ್ಜನ ಮಾತು ಮೊದಲು ಹೇಗಿತ್ತು ಎಂದು ತನ್ನ ಪುಟ್ಟ ಮಗಳು ತೃಷಾ ಕೇಳಿದಂದಿನಿಂದ ಸುರಕ್ಷಾಳಿಗೆ ಈ ಸಿ.ಡಿ.ಯದ್ದೇ ಗುಂಗು. ಜತ್ತಪ್ಪನಿಗೋ, ಹಾರ ಹಾಕಿದ ತನ್ನದೇ ಫೋಟೋ ನೋಡಲು ಹೊರಟ ಹಾಗೆ ಅನಿಸುತ್ತಿತ್ತು. ಆದರೂ ಮಗಳು ಸ್ಕೂಟರ್ ಚಾಲೂ ಮಾಡಿದಾಗ ಹಿಂದೆ ಕುಳಿತ.

ಇಚಿಲಂಪಾಡಿಯಲ್ಲಿ, ಅದೇ ಬಸ್ಸಿನ ಡ್ರೈವರಾಗಿದ್ದ ಮಾಯಿಲಪ್ಪ ಗುಜರಿಗೆ ಹೋಗಬೇಕಿದ್ದ ಬಸ್ಸನ್ನು ತಂದು ರಬ್ಬರ್ ಶೀಟು ಇಡುವ ಕೋಣೆ ಮಾಡಿಕೊಂಡಿದ್ದ. "ಟಯರ್ ಹೋಯ್ತು, ಎಂಜಿನ್ ಹೋಯ್ತು. ಈ ಪ್ಲೇಯರ್ ಮಾತ್ರ ಯಾರಿಗೂ ಬೇಡಾಯ್ತು," ಎನ್ನುತ್ತ ತನ್ನ ಜೀಪಿನ ಬ್ಯಾಟರಿ ತಂದು ವಯರು ಸೇರಿಸಿದ. ಮತ್ತೆ ಸೊಂಟ ಹಿಡಿದುಕೊಂಡು ಡ್ರೈವರ್ ಸೀಟಿಗೆ ಹತ್ತಿ ಕುಳಿತ. ಇಷ್ಟು ದಿನ ಈ ಕಡೆ ಯಾಕೆ ಬರಲಿಲ್ಲ ಎಂದು ಅವನು ಕೇಳಲಿಲ್ಲ. ಜತ್ತಪ್ಪ ಅಂಗಳದಲ್ಲೇ ನಿಂತ.

ಸುರಕ್ಷಾ ಕೊನೆಯ ಟ್ರ್ಯಾಕನ್ನು ನೇರವಾಗಿ ಒತ್ತಿದಳು. ಪ್ಲೇಯರು ಕರಕರ ಎಂದು ಸುಮ್ಮನಾಯಿತು.

"ಹಾಗೆ ಹಾರಿಸಿದ್ರೆ ಅದು ಕೇಳುದಿಲ್ಲ ಮಗಳೇ," ಎಂದ ಮಾಯಿಲಪ್ಪ. "ಮೊದಲಿಂದ ಹಾಕು. ನಿಧಾನ ಹೋದ್ರೆ ಮುಟ್ಟುತ್ತದೆ."

ಮೊದಲ ಹಾಡು ಸರಾಗವಾಗಿ ಹಿಡಿಯಿತು. ಇನ್ನೊಂದು ಬಂತು, ಮತ್ತೊಂದು ಬಂತು. ಆ ಹಾಡುಗಳಿಗೆಲ್ಲ ಒಂದೊಂದು ಊರಿತ್ತು. ಈ ಚರಣ ಬರುವಾಗ ಉಪ್ಪಿನಂಗಡಿಯ ಸಂತೆಗೆ ಹೋದವರು ಬುಟ್ಟಿ ಸಮೇತ ನುಗ್ಗುತ್ತಿದ್ದರು. ಈ ಕೊಳಲು ಕೇಳುವಾಗ ಪೆರಾಬೆಯ ಏರು. ಮಾಯಿಲಪ್ಪ ಕನ್ನಡಿಯಲ್ಲಿ ನೋಡಿ ಹುಬ್ಬು ಹಾರಿಸಿದ. ಜತ್ತಪ್ಪನಿಗೆ ಗೊತ್ತಾಯಿತು: ಇಲ್ಲಿಯೇ, ಇದೇ ಹಾಡಿಗೆ, ಹೈಸ್ಕೂಲಿನ ಹುಡುಗಿಯರು ವಾಲ್ಯೂಮ್ ಹೆಚ್ಚು ಮಾಡಿ ಎಂದು ಪೀಡಿಸುತ್ತಿದ್ದರು. ಯಾವಾಗ ಫುಟ್‌ಬೋರ್ಡ್ ಹತ್ತಿದನೋ ಅವನಿಗೇ ಅರಿವಿರಲಿಲ್ಲ. ಸುರಕ್ಷಾ ಮೊಬೈಲಿನ ರೆಕಾರ್ಡಿಂಗ್ ಒತ್ತಿ ಸ್ಪೀಕರಿನ ಹತ್ತಿರ ಹಿಡಿದಳು.

ಕೊನೆಯ ಹಾಡು ಮುಗಿದು ಗಳಿಗೆ ಹೊತ್ತು ಬರೀ ಸುಯ್ಯೆಂಬ ಸದ್ದು. ಮತ್ತೆ ಕಂಚಿನಂಥ ಸ್ವರವೊಂದು ಬಸ್ಸಿನ ತಗಡನ್ನೆಲ್ಲ ನಡುಗಿಸಿತು.

"ಆಲಂಕಾರು, ಆಲಂಕಾರು! ಯಾರುಂಟು ಇಳಿಯುದು? ಒಳಗೆ ಹೋಗಿ ಮಾರಾಯ್ರೆ, ಒಳಗೆ ಮೈದಾನ ಉಂಟು. ಅಕ್ಕ, ಕೋಳಿಯನ್ನು ಸೀಟಿನಲ್ಲಿ ಕೂರಿಸ್ಬೇಡಿ, ಮತ್ತೆ ಅದಕ್ಕೂ ಟಿಕೆಟ್ ಹರೀತೇನೆ."

ಮಾಯಿಲಪ್ಪ ಸ್ಟಿಯರಿಂಗಿನ ಮೇಲೆ ಬಗ್ಗಿ ನಕ್ಕ. ಸುರಕ್ಷಾ ನಗುತ್ತಲೇ ಕಣ್ಣು ಒರೆಸಿಕೊಂಡಳು. ಜತ್ತಪ್ಪ ಬಾಗಿಲಿನ ಸರಳು ಹಿಡಿದು ನಿಂತಿದ್ದ. ಎಷ್ಟು ಧಿಮಾಕು ಈ ಹುಡುಗನಿಗೆ, ಅಂದುಕೊಂಡ. ಸಿಟ್ಟೂ ಬಂತು, ಪ್ರೀತಿಯೂ ಬಂತು. ಸ್ವರದ ಜೊತೆ ತನ್ನ ತುಟಿಗಳೂ ಅಲುಗುತ್ತಿರುವುದು ಸ್ವಲ್ಪ ತಡವಾಗಿ ಅವನಿಗೆ ತಿಳಿಯಿತು.

ಕಡಬ ಕಳೆಯಿತು. ಸಿ.ಡಿ.ಯ ಅಂಚಿಗೆ ಬಂದ ಹಾಗೆ ಸ್ವರ ಅಲ್ಲಲ್ಲಿ ತುಂಡಾಗತೊಡಗಿತು.

"ಮರ್ದಾಳ, ಮರ್ದಾಳ... ನೆಟ್ಟಣಕ್ಕೆ ರೈಲಿಗೆ ಹೋಗುವವರು ಕೂತುಕೊಳ್ಳಿ... ಅಜ್ಜಿ, ನಿಧಾನ, ನಿಧಾನ. ಇಳಿದಾಯ್ತಾ? ರೈ..."

'ರೈಟ್' ಪೂರ್ತಿಯಾಗದೆ ಅಲ್ಲಿಗೇ ನಿಂತಿತು. ಪ್ಲೇಯರು ಒಳಗೊಳಗೇ ತಡಕಾಡಿತು. ನೆಟ್ಟಣ ಬರಲಿಲ್ಲ.

"ಇನ್ನು ಅದು ಓದುದಿಲ್ಲ," ಎಂದ ಮಾಯಿಲಪ್ಪ ಮೆಲ್ಲಗೆ. "ಇಷ್ಟು ಬಂದದ್ದೇ ಹೆಚ್ಚು."

"ಇಷ್ಟು ಸಾಕು ಅಪ್ಪ. ತೃಷಾಳಿಗೆ ಇಷ್ಟೇ ಕೇಳಿಸುವ," ಎಂದು ಸುರಕ್ಷಾ ಪ್ಲೇಯರ್ ಆಫ್ ಮಾಡಲು ಕೈ ಚಾಚಿದಳು.

ಜತ್ತಪ್ಪ ತಲೆಯಾಡಿಸಿ ಅವಳನ್ನು ತಡೆದ. ಬಾಗಿಲಿನಿಂದ ಹೊರಗೆ ಬಾಗಿ ಹಿಂದೆ ಮುಂದೆ ಒಮ್ಮೆ ನೋಡಿದ. ಅಂಗೈ ಬಿಡಿಸಿ ಬಸ್ಸಿನ ತಗಡಿಗೆ ಢಬ್ ಢಬ್ ಎಂದು ಎರಡು ಸಲ ಬಡಿದ.

ಮಾಯಿಲಪ್ಪನ ಎಡಗಾಲು ಕ್ಲಚ್ಚನ್ನು ತಳದವರೆಗೂ ಒತ್ತಿತು.